ಅಲ್ಯೂಮಿನಿಯಂ ಹೆಡ್ಡಿಗೆ ಯಾವ ಎಕ್ಸಾಸ್ಟ್ ಸ್ಟಡ್ ಹೊಂದುತ್ತದೆ?

ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದ ಕೂಡಲೇ ಬಾನೆಟ್ಟಿನ ಕೆಳಗಿನಿಂದ 'ಟಿಕ್ ಟಿಕ್' ಎಂಬ ಸದ್ದು ಕೇಳಿಸಿ, ಹತ್ತು ನಿಮಿಷ ಓಡಿದ ಮೇಲೆ ತಾನಾಗಿಯೇ ನಿಂತುಹೋಗುತ್ತಿದ್ದರೆ, ಅದನ್ನು ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದೆಂದು ತೀರ್ಮಾನಿಸುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕಡೆಗೆ ಕಳಿಸುವ ಭಾಗದ, ಎರಡೂ ತುದಿಗಳನ್ನು ಟಾರ್ಚ್ ಹಾಕಿ ನೋಡುವುದು ಒಳ್ಳೆಯದು. ಪ್ಯಾಕಿಂಗಿನ ಅಂಚಿನಲ್ಲಿ ಮಸಿಯ ಗೆರೆ ಮೂಡಿದ್ದರೆ, ಸಾಮಾನ್ಯವಾಗಿ ಅಲ್ಲಿ ಮ್ಯಾನಿಫೋಲ್ಡನ್ನು ಎಂಜಿನ್ನಿನ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ) ಹಿಡಿದಿಡುವ ಒಂದು ಸ್ಟಡ್, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ತಲೆಯಿಲ್ಲದ ಬೋಲ್ಟ್, ಮುರಿದಿರುತ್ತದೆ ಇಲ್ಲವೇ ಸಡಿಲಗೊಂಡಿರುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಹೊಸ ಸ್ಟಡ್ ತರಲು ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸಿನ ಬಿಡಿಭಾಗದ ಅಂಗಡಿಗೆ ಹೋದವರ ಮುಂದೆ ಸಾಮಾನ್ಯವಾಗಿ ನಾಲ್ಕು ಬಗೆಯವು ಬಂದು ಕೂರುತ್ತವೆ: ಮೀಟರುಗಟ್ಟಲೆ ಸಿಗುವ ಥ್ರೆಡ್ ರಾಡಿನಿಂದ ಕತ್ತರಿಸಿದ ತುಂಡು, 8.8 ಅಥವಾ 10.9 ಎಂಬ ಬಲದ ದರ್ಜೆಯ ಗುರುತಿರುವ (ಅಂಕಿ ದೊಡ್ಡದಾದಷ್ಟು ಬಲ ಹೆಚ್ಚು) ಹೈ ಟೆನ್ಸೈಲ್ ಸ್ಟಡ್, ಫಳಫಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನ ಎಸ್‌ಎಸ್ ಸ್ಟಡ್, ಮತ್ತು ವಾಹನ ತಯಾರಕರದೇ ಪ್ಯಾಕೆಟ್ಟಿನ ಅಸಲಿ ಸ್ಟಡ್. ಇವು ಯಾವುದೂ ಬೇಡವೆಂದರೆ ಲೇತ್ ಅಂಗಡಿಯಲ್ಲಿ ಹೇಳಿ ಮಾಡಿಸುವ ದಾರಿಯೂ ಇದೆ; ಬಹುಕಾಲ ಲೇತ್‌ಗಳನ್ನೇ ತಯಾರಿಸಿದ ಹರಿಹರ ಪಕ್ಕದಲ್ಲೇ ಇರುವಾಗ ನಮ್ಮ ಭಾಗದಲ್ಲಿ ಒಳ್ಳೆಯ ಟರ್ನರ್‌ಗಳಿಗೆ ಬರವಿಲ್ಲ. ಬಿಡಿಯಾಗಿ ನೋಡಿದರೆ ಒಂದು ಸ್ಟಡ್ಡಿಗೂ ಇನ್ನೊಂದಕ್ಕೂ ಇರುವ ಬೆಲೆಯ ಅಂತರ ಒಂದು ಬೆಣ್ಣೆ ದೋಸೆಯ ಖರ್ಚನ್ನು ದಾಟುವುದು ಅಪರೂಪ. ಆದ್ದರಿಂದ ಇಲ್ಲಿ ಬೆಲೆಯನ್ನು ಬದಿಗಿಟ್ಟು ಲೋಹವನ್ನೇ ನೋಡುತ್ತೇನೆ.

ನಾನು ಈ ಪಾಠ ಕಲಿತದ್ದು ಮೂರು ಸಿಲಿಂಡರಿನ ನನ್ನ ಹಳೆಯ ಪೆಟ್ರೋಲ್ ವ್ಯಾನಿನಿಂದ. ಚಿತ್ರದುರ್ಗದಿಂದ ದಾವಣಗೆರೆಗೆ ವಾರಕ್ಕೆರಡು ಬಾರಿ ಓಡುತ್ತಿದ್ದ ಆ ವ್ಯಾನಿಗೆ ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ, 'ಇನ್ನು ತುಕ್ಕಿನ ಚಿಂತೆಯೇ ಇಲ್ಲ' ಎಂಬ ಭರವಸೆಯೊಂದಿಗೆ, ಎಸ್‌ಎಸ್ ಸ್ಟಡ್‌ಗಳನ್ನೂ ಎಸ್‌ಎಸ್ ನಟ್‌ಗಳನ್ನೂ ಹಾಕಿಕೊಟ್ಟಿದ್ದರು. ತುಕ್ಕು ಹಿಡಿಯಲಿಲ್ಲ ಎಂಬುದು ನಿಜ. ಆದರೆ ಎರಡು ವರ್ಷದ ನಂತರ ಪ್ಯಾಕಿಂಗ್ ಬದಲಿಸಲೆಂದು ನಟ್ ತಿರುಗಿಸಿದಾಗ, ಅದು ಕಾಲು ಸುತ್ತು ಬಂದು ಸ್ಟಡ್ಡಿಗೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡಿತು. ಪಾನಾಕ್ಕೆ ಪೈಪ್ ಸಿಕ್ಕಿಸಿ ಒತ್ತಿದಾಗ ನಟ್ಟೂ ಸ್ಟಡ್ಡೂ ಒಟ್ಟಿಗೇ ತಿರುಗುತ್ತ ಹೊರಬಂದವು. ಸ್ಟಡ್ಡಿನ ಒಳತುದಿಗೆ ಅಲ್ಯೂಮಿನಿಯಂ ಥ್ರೆಡ್, ಪೆನ್ಸಿಲ್ ಹೆರೆದಾಗ ಬರುವ ಸಿಪ್ಪೆಯಂತೆ, ಬೆಳ್ಳಗೆ ಸುರುಳಿಯಾಗಿ ಸುತ್ತಿಕೊಂಡಿತ್ತು. ಹೆಡ್ಡನ್ನು ಬಿಚ್ಚಿ ಒಯ್ದಾಗ ಲೇತ್ ಅಂಗಡಿಯ ಹಿರಿಯರು ಅದನ್ನು ಬೆರಳಲ್ಲಿ ಎಳೆದು ನೋಡಿ, "ತಮ್ಮಾ, ನೀನು ಸ್ಟಡ್ ಬಿಚ್ಚಿಲ್ಲ, ಹೆಡ್ಡೇ ಬಿಚ್ಚಿಕೊಂಡು ಬಂದೀಯಲ್ಲ!" ಎಂದರು.

ಆಯ್ಕೆಯ ಅಳತೆಗೋಲು ಆ ಮಾತಿನಲ್ಲಿಯೇ ಇದೆ. ಈ ಜೋಡಣೆಯಲ್ಲಿ ನಟ್, ಸ್ಟಡ್, ಹೆಡ್ ಎಂಬ ಮೂರು ಭಾಗಗಳಿವೆ. ಮೊದಲೆರಡು ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ, ಮೂರನೆಯದರ ಬೆಲೆಗೆ ಎಂಜಿನ್ನಿನ ಅರ್ಧ ಕೆಲಸ ಮುಗಿಯುತ್ತದೆ. ಕೆಡುವುದಾದರೆ ನಟ್ ಮೊದಲು ಕೆಡಬೇಕು, ನಂತರ ಸ್ಟಡ್. ಹೆಡ್ಡಿನ ಥ್ರೆಡ್ಡಿಗೆ ಸರದಿ ಬರಲೇಬಾರದು. 'ಎಷ್ಟು ಗಟ್ಟಿ?' ಎಂದು ಕೇಳುವ ಬದಲು 'ಕೆಡುವ ಸರದಿ ಯಾವುದು?' ಎಂದು ಕೇಳಿದರೆ ಅಂಗಡಿಯ ಡಬ್ಬಿಗಳಲ್ಲಿ ಅರ್ಧದಷ್ಟು ತಾವಾಗಿಯೇ ಹಿಂದೆ ಸರಿಯುತ್ತವೆ.

ಸ್ಟಡ್ ಆರಿಸುವ ಮೊದಲು ಹಳೆಯದು ಏಕೆ ಮುರಿಯಿತೆಂದು ತಿಳಿಯಬೇಕು. ಮುರಿದ ಮುಖವನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಅದರ ಚರಿತ್ರೆ ಅಲ್ಲಿಯೇ ಕಾಣುತ್ತದೆ: ಒಂದು ಬದಿಯಲ್ಲಿ ಬಾಲಚಂದ್ರನ ಆಕಾರದ ಕಪ್ಪು ಅಥವಾ ಕಂದು ಭಾಗ, ಉಳಿದೆಡೆ ಹೊಳೆಯುವ ಬೂದುಬಣ್ಣದ ಒರಟು ಭಾಗ. ಕಪ್ಪಾದದ್ದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದ ಬಿರುಕು, ಹೊಳೆಯುವುದು ಕೊನೆಯ ದಿನ ಒಮ್ಮೆಲೇ ಹರಿದದ್ದು. ಅಂದರೆ ಬಹುಪಾಲು ಸ್ಟಡ್‌ಗಳು ಎಳೆತಕ್ಕೆ ಸೋತು ಮುರಿಯುವುದಿಲ್ಲ; ಅಡ್ಡಡ್ಡಲಾಗಿ ಬಾಗಿ, ಮತ್ತೆ ನೆಟ್ಟಗಾಗಿ, ಮತ್ತೆ ಬಾಗಿ ದಣಿದು ಮುರಿಯುತ್ತವೆ.

ಆ ಬಾಗುವಿಕೆ ಎಲ್ಲಿಂದ ಬರುತ್ತದೆಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ಎರಕದ ಕಬ್ಬಿಣ ಒಂದು ಮೀಟರಿಗೆ ಸುಮಾರು 10.5 ಮೈಕ್ರಾನ್, ಸಾಧಾರಣ ಉಕ್ಕು ಸುಮಾರು 12, ಸ್ಟೇನ್‌ಲೆಸ್ 304 ಮತ್ತು 316 ಬಗೆಗಳು 16ರಿಂದ 17, ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ತುದಿಯ ಸ್ಟಡ್ಡಿನಿಂದ ಇನ್ನೊಂದು ತುದಿಯ ಸ್ಟಡ್ಡಿಗೆ 400 ಮಿ.ಮೀ. ಇದೆಯೆಂದೂ, ಮ್ಯಾನಿಫೋಲ್ಡಿನ ಬಿಸಿ 450 ಡಿಗ್ರಿ ಏರುತ್ತದೆಂದೂ, ನೀರಿನಿಂದ ತಂಪಾಗುವ ಹೆಡ್ಡಿನ ಬಿಸಿ ಕೇವಲ 70 ಡಿಗ್ರಿ ಏರುತ್ತದೆಂದೂ ಇಟ್ಟುಕೊಂಡರೆ, ಮ್ಯಾನಿಫೋಲ್ಡ್ ಸುಮಾರು 1.9 ಮಿ.ಮೀ. ಬೆಳೆಯುತ್ತದೆ, ಹೆಡ್ ಸುಮಾರು 0.6 ಮಿ.ಮೀ. ಮಾತ್ರ ಬೆಳೆಯುತ್ತದೆ. ಉಳಿದ ವ್ಯತ್ಯಾಸವನ್ನು ನಡುವಿನಿಂದ ಎರಡೂ ಕಡೆಗೆ ಹಂಚಿದರೆ ತುದಿಯ ಒಂದೊಂದು ಸ್ಟಡ್ಡಿನ ಮೇಲೆ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ಜರುಗಾಟ ಬೀಳುತ್ತದೆ. ತುದಿಯ ತೂತುಗಳನ್ನು ತಯಾರಕರು ದೊಡ್ಡದಾಗಿ ಅಥವಾ ಉದ್ದುದ್ದವಾಗಿ ಕೊರೆದಿರುವುದು ಇದೇ ಕಾರಣಕ್ಕೆ. ಆ ತೂತಿನಲ್ಲಿ ಮಸಿ ಮತ್ತು ತುಕ್ಕು ಗಟ್ಟಿಯಾಗಿ ತುಂಬಿಕೊಂಡು ಜರುಗಲು ಜಾಗವಿಲ್ಲದಂತಾದರೆ, ಅಥವಾ ಮ್ಯಾನಿಫೋಲ್ಡೇ ಸೊಟ್ಟಗಾಗಿದ್ದರೆ, ಎಂಥ ಲೋಹದ ಸ್ಟಡ್ ಹಾಕಿದರೂ ಅದು ಮುರಿದೇ ಮುರಿಯುತ್ತದೆ. ಸ್ಟಡ್ಡಿನ ಗ್ರೇಡಿನ ಬಗ್ಗೆ ಗಂಟೆಗಟ್ಟಲೆ ವಾದಿಸಿ, ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡದವರನ್ನು ಬಹಳ ಕಂಡಿದ್ದೇನೆ.

ಇನ್ನು ಒಂದೊಂದನ್ನೇ ತೂಗೋಣ. ಥ್ರೆಡ್ ರಾಡಿನ ತುಂಡಿಗೆ ಹೆಚ್ಚು ಮಾತು ಬೇಡ. ಗುರುತಿಲ್ಲದ ಸಾಧಾರಣ ರಾಡ್ ಬಹುಮಟ್ಟಿಗೆ 4.6 ಅಥವಾ 4.8 ದರ್ಜೆಯ ಮೆದು ಉಕ್ಕು, ಅದನ್ನು 8.8ರಂತೆ ಬಿಗಿದರೆ ಎಳೆದುಕೊಂಡು ಉದ್ದವಾಗುತ್ತದೆ. ಉದ್ದಕ್ಕೂ ಥ್ರೆಡ್ ಇರುವುದರಿಂದ ಎಲ್ಲಿ ನಿಲ್ಲಬೇಕೆಂಬ ಮಿತಿಯೂ ಅದಕ್ಕಿಲ್ಲ. ತೂತಿನ ತಳಕ್ಕೆ ತಗುಲುವವರೆಗೂ ಇಳಿದು, ಇನ್ನೂ ಬಿಗಿದರೆ ತೆಳುವಾದ ಅಲ್ಯೂಮಿನಿಯಂ ತಳವನ್ನು ಸೀಳಬಲ್ಲದು. ರಾತ್ರಿ ಹೆದ್ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಸರಿ, ಅಷ್ಟೇ.

ಎಸ್‌ಎಸ್ ಸ್ಟಡ್ಡಿನ ವಿಷಯದಲ್ಲಿ ತಪ್ಪು ತಿಳಿವಳಿಕೆಯೇ ಹೆಚ್ಚಾಗಿರುವುದರಿಂದ ಸ್ವಲ್ಪ ನಿಲ್ಲಬೇಕಾಗುತ್ತದೆ. ಎಸ್‌ಎಸ್ ಎಂದರೆ ಹೆಚ್ಚು ಬಲವೆಂದು ಜನ ನಂಬುತ್ತಾರೆ. ಆದರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಎ2-70 ದರ್ಜೆ 450 ಮೆಗಾಪಾಸ್ಕಲ್ ಎಳೆತಕ್ಕೇ ಶಾಶ್ವತವಾಗಿ ಉದ್ದವಾಗತೊಡಗುತ್ತದೆ, 8.8 ದರ್ಜೆಯ ಉಕ್ಕು 640ರವರೆಗೆ ತಡೆಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಹಿಗ್ಗುವಿಕೆಯ ಲೆಕ್ಕ. ಎಂ8 (8 ಮಿ.ಮೀ. ವ್ಯಾಸದ) ಸ್ಟಡ್ಡಿನ ನಟ್ಟನ್ನು 20 ನ್ಯೂಟನ್ ಮೀಟರಿಗೆ ಬಿಗಿದಾಗ ಸ್ಟಡ್ ರಬ್ಬರಿನಂತೆ ಸುಮಾರು 0.03ರಿಂದ 0.04 ಮಿ.ಮೀ. ಎಳೆದುಕೊಳ್ಳುತ್ತದೆ, ಮ್ಯಾನಿಫೋಲ್ಡನ್ನು ಒತ್ತಿ ಹಿಡಿದಿರುವುದು ಆ ಕೂದಲೆಳೆಯಷ್ಟು ಎಳೆತವೇ. ಈಗ 15 ಮಿ.ಮೀ. ದಪ್ಪದ ಎರಕದ ಕಬ್ಬಿಣದ ಫ್ಲಾಂಜೂ (ಸ್ಟಡ್ ತೂರುವ ಮ್ಯಾನಿಫೋಲ್ಡಿನ ಚಪ್ಪಟೆ ಅಂಚು) ಸ್ಟಡ್ಡೂ 250 ಡಿಗ್ರಿ ಕಾದರೆ, ಎಸ್‌ಎಸ್ ಸ್ಟಡ್ ಫ್ಲಾಂಜಿಗಿಂತ ಸುಮಾರು 0.02 ಮಿ.ಮೀ. ಹೆಚ್ಚು ಬೆಳೆಯುತ್ತದೆ. ಅಂದರೆ ಹಿಡಿತದ ಅರ್ಧಕ್ಕಿಂತ ಹೆಚ್ಚು ಭಾಗ ಬಿಸಿಯಲ್ಲೇ ಕರಗಿಹೋಗುತ್ತದೆ. ಸಾಧಾರಣ ಉಕ್ಕಿನ ಸ್ಟಡ್ಡಿನಲ್ಲಿ ಇದೇ ನಷ್ಟ 0.006 ಮಿ.ಮೀ. ಮಾತ್ರ. ವಾಸ್ತವದಲ್ಲಿ ಫ್ಲಾಂಜ್ ಸ್ಟಡ್ಡಿಗಿಂತ ಹೆಚ್ಚು ಕಾದಿರುವುದರಿಂದ ನಷ್ಟ ಸ್ವಲ್ಪ ತಗ್ಗುತ್ತದೆ, ಆದರೆ ಎರಡರ ನಡುವಿನ ಅಂತರ ಉಳಿದೇ ಉಳಿಯುತ್ತದೆ.

ಹಾಗೆಂದು ಎಸ್‌ಎಸ್ ಎಲ್ಲೆಡೆಯೂ ತಪ್ಪಲ್ಲ. ಮ್ಯಾನಿಫೋಲ್ಡೇ ಸ್ಟೇನ್‌ಲೆಸ್ ಪೈಪಿನದಾಗಿ ಅದರ ಫ್ಲಾಂಜೂ ಅದೇ ಲೋಹದ್ದಾಗಿದ್ದರೆ, ಎರಡೂ ಸಮನಾಗಿ ಹಿಗ್ಗುವುದರಿಂದ ಮೇಲಿನ ದೂರು ನಿಲ್ಲುವುದಿಲ್ಲ. ಎರಡೇ ಸ್ಟಡ್‌ಗಳಲ್ಲಿ ಸೈಲೆನ್ಸರ್ ಪೈಪನ್ನು ಹಿಡಿಯುವ ಬೈಕುಗಳಲ್ಲಿ, ಮಳೆನೀರು ನೇರವಾಗಿ ಬೀಳುವ ಜಾಗವಾದ್ದರಿಂದ, ಎಸ್‌ಎಸ್ ಸ್ಟಡ್ಡಿಗೆ ಹಿತ್ತಾಳೆಯ ಉದ್ದ ನಟ್ ಸೇರಿಸಿದರೆ ಅದು ಒಳ್ಳೆಯ ಜೋಡಿಯೇ. ತೊಂದರೆ ಬರುವುದು ಎಸ್‌ಎಸ್ ಮೇಲೆ ಎಸ್‌ಎಸ್ ನಟ್ ಹಾಕಿದಾಗ: ಎರಡೂ ಮೈಗಳು ಉಜ್ಜಿ, ಮೇಲಿನ ತೆಳು ಪದರ ಕಿತ್ತು, ಲೋಹ ಲೋಹಕ್ಕೆ ಅಂಟಿಕೊಳ್ಳುತ್ತದೆ. ನನ್ನ ವ್ಯಾನಿನಲ್ಲಿ ಆದದ್ದು ಇದೇ. ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಕೂಡಿದಾಗ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆಂಬುದೂ ನಿಜವಾದರೂ, ಕರಾವಳಿಯ ಉಪ್ಪುಗಾಳಿ ಇಲ್ಲದ ನಮ್ಮ ಬಯಲುಸೀಮೆಯಲ್ಲಿ ಅದನ್ನು ನಾನು ಎರಡನೆಯ ಕಾರಣವಾಗಿ ಮಾತ್ರ ಎಣಿಸುತ್ತೇನೆ.

ಎರಕದ ಕಬ್ಬಿಣದ ಮ್ಯಾನಿಫೋಲ್ಡ್, ಅಲ್ಯೂಮಿನಿಯಂ ಹೆಡ್ ಎಂಬ ಸಾಮಾನ್ಯ ಜೋಡಿಗೆ ನನ್ನ ಆಯ್ಕೆ 8.8 ದರ್ಜೆಯ ಕಪ್ಪು ಸ್ಟಡ್. 300 ಡಿಗ್ರಿಯಲ್ಲಿ ಅದರ ಬಲ ನಾಲ್ಕನೇ ಒಂದು ಭಾಗದಷ್ಟು ಇಳಿದರೂ ಈ ಕೆಲಸಕ್ಕೆ ಸಾಲುವಷ್ಟು ಉಳಿದಿರುತ್ತದೆ. 'ಕಪ್ಪು' ಎಂದು ಒತ್ತಿ ಹೇಳಲು ಕಾರಣವಿದೆ. ಬಿಳಿ ಅಥವಾ ಹಳದಿಯಾಗಿ ಹೊಳೆಯುವ ಸ್ಟಡ್‌ಗಳ ಮೇಲಿರುವುದು ಸತುವಿನ ಲೇಪ; ಸತು 419 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಅದರ ಕಾಪು ಕೆಡುತ್ತದೆ, ಕರಗಿದ ಸತು ಉಕ್ಕಿನ ಒಳಕ್ಕೆ ಇಳಿದರೆ ಉಕ್ಕೇ ಪೆಡಸಾಗುತ್ತದೆ. 10.9ಕ್ಕೂ ಮೇಲಿನ ದರ್ಜೆಗಳಲ್ಲಿ ಸತುವಿನ ಲೇಪದೊಂದಿಗೆ ಹೈಡ್ರೋಜನ್ ಒಳಹೊಕ್ಕು ಬಿರುಕು ಬಿಡುವ ಅಪಾಯವೂ ಸೇರುತ್ತದೆ. ಇನ್ನು 12.9ರ ಅಲೆನ್ ಬೋಲ್ಟನ್ನು ಕತ್ತರಿಸಿ ಸ್ಟಡ್ ಮಾಡಿಕೊಳ್ಳುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಆ ಉಕ್ಕು ಗಡುಸು, ಹೌದು, ಆದರೆ ದಿನವೂ ಬಾಗಿ ಏಳಬೇಕಾದ ಜಾಗದಲ್ಲಿ ಗಡಸುತನವೊಂದೇ ನೆರವಿಗೆ ಬಾರದು. ಅದು ಮುರಿದು ಒಳಗೇ ಉಳಿದರೆ ಸಾಧಾರಣ ಡ್ರಿಲ್ ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ.

ಟರ್ಬೊ ಡೀಸೆಲ್ ಇದ್ದು, ಸ್ಟಡ್‌ಗಳು ಟರ್ಬೊವಿನ ಭಾರವನ್ನೂ ಹೊರುವುದಾದರೆ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಕ್ರೋಮ್ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು, ಅಂದರೆ ಕಾರ್ಖಾನೆಗಳ ಬಿಸಿ ಪೈಪ್‌ಲೈನುಗಳಿಗೆ ಬಳಸುವ ಬಿ7 ದರ್ಜೆ, ಬಿಸಿಯಲ್ಲಿ ಸಡಿಲಗೊಳ್ಳುವುದನ್ನು ಚೆನ್ನಾಗಿ ತಡೆಯುತ್ತದೆ. ಲೇತ್ ಅಂಗಡಿಯಲ್ಲಿ ಇದಕ್ಕೆ ಸಮೀಪದ ಲೋಹ ಇಎನ್ 19, ಕೇಳಿದರೆ ಸಿಗುತ್ತದೆ. ಕೇಳದಿದ್ದರೆ ಕೈಗೆ ಸಿಕ್ಕ ಎಂಎಸ್ (ಮೆದು ಉಕ್ಕಿನ) ರಾಡ್ ಅಥವಾ ಕ್ರೋಮ್, ಮಾಲಿಬ್ಡಿನಂ ಬೆರೆಯದ ಇಎನ್ 8 ಬರುವ ಸಾಧ್ಯತೆಯೇ ಹೆಚ್ಚು. ಮಾಡಿಸಿದ ಸ್ಟಡ್ಡಿನ ಕೊರತೆ ಲೋಹದಲ್ಲಿಲ್ಲ, ಥ್ರೆಡ್ಡಿನಲ್ಲಿದೆ: ಕಾರ್ಖಾನೆಯ ಸ್ಟಡ್ಡಿನ ಥ್ರೆಡ್ಡನ್ನು ಉರುಳೆಗಳ ನಡುವೆ ಒತ್ತಿ ಮೂಡಿಸುತ್ತಾರೆ, ಲೇತಿನಲ್ಲಿ ಟೂಲಿನಿಂದ ಕೊರೆಯುತ್ತಾರೆ, ಕೊರೆದ ಥ್ರೆಡ್ಡಿನ ಬುಡದಲ್ಲಿ ಬಿರುಕು ಹುಟ್ಟುವುದು ಸುಲಭ. ಅಳತೆ ಎಲ್ಲಿಯೂ ಸಿಗದ ಹಳೆಯ ಎಂಜಿನ್ನಿಗೆ ಲೇತ್ ದೊಡ್ಡ ಆಸರೆ. ಎಂ8, ಎಂ10 ಅಳತೆಗಳಿಗೆ ಅಂಗಡಿಯ ಸ್ಟಡ್ಡೇ ಮೇಲು. ರೇಸಿನವರು ಬಳಸುವ ಇಂಕೊನೆಲ್ (ಬಿಸಿ ತಡೆಯುವ ನಿಕ್ಕಲ್ ಮಿಶ್ರಲೋಹ) ಸ್ಟಡ್‌ಗಳ ಬಗ್ಗೆ ಆಸೆಪಡುವ ಅಗತ್ಯ ನಮ್ಮ ರಸ್ತೆಯ ವಾಹನಗಳಿಗಿಲ್ಲ.

ಅಸಲಿ ಪ್ಯಾಕೆಟ್ಟಿನ ಸ್ಟಡ್ ಸಿಕ್ಕರೆ ಮೇಲಿನ ಯಾವ ತರ್ಕವೂ ಬೇಕಿಲ್ಲ, ಅದನ್ನೇ ಹಾಕಬಹುದು. ಅದು ಸಿಗದಾಗ ಕಣ್ಣಿಟ್ಟು ನೋಡಬೇಕಾದದ್ದು ದರ್ಜೆಗಿಂತಲೂ ಒಳತುದಿಯ ಉದ್ದ. ಉಕ್ಕಿನೊಳಗೆ ಸ್ಟಡ್ಡಿನ ವ್ಯಾಸದಷ್ಟು ಥ್ರೆಡ್ ಇಳಿದರೆ ಸಾಕು. ಅಲ್ಯೂಮಿನಿಯಮ್ಮಿಗೆ ಒಂದೂವರೆಯಿಂದ ಎರಡು ಪಟ್ಟು ಬೇಕು. ಜರ್ಮನ್ ಪ್ರಮಾಣಗಳಲ್ಲಿ ಇದಕ್ಕಾಗಿಯೇ ಮೂರು ಬೇರೆ ಸ್ಟಡ್‌ಗಳಿವೆ: ಉಕ್ಕಿಗೆ ಡಿನ್ 938, ಎರಕದ ಕಬ್ಬಿಣಕ್ಕೆ ಡಿನ್ 939, ಅಲ್ಯೂಮಿನಿಯಮ್ಮಿಗೆ ಡಿನ್ 835. ಎಂ8 ಅಳತೆಯಲ್ಲಿ ಇವುಗಳ ಒಳತುದಿ ಕ್ರಮವಾಗಿ 8, 10 ಮತ್ತು 16 ಮಿ.ಮೀ. ಅಂಗಡಿಯ ಒಂದೇ ಡಬ್ಬಿಯಲ್ಲಿ ಮೂರೂ ಬೆರೆತಿರಬಹುದು, ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದ್ದರಿಂದ ವರ್ನಿಯರ್ ಅಥವಾ ಸ್ಕೇಲ್ ಜೇಬಿನಲ್ಲಿರಲಿ. ಹೆಡ್ಡಿನ ತೂತಿನ ಆಳವನ್ನೂ ಮೊದಲೇ ಅಳೆದಿಟ್ಟುಕೊಳ್ಳಬೇಕು. ಎಂ10ರಲ್ಲಿ 1.25 ಮತ್ತು 1.5 ಮಿ.ಮೀ. (ಥ್ರೆಡ್ಡಿನ ಎರಡು ಸುತ್ತುಗಳ ನಡುವಿನ ಅಂತರ) ಪಿಚ್‌ಗಳೆರಡೂ ಚಾಲ್ತಿಯಲ್ಲಿರುವುದರಿಂದ ಪಿಚ್ ಗೇಜ್ ಇಡದೆ ತಿರುಗಿಸಿದರೆ ಎರಡನೆಯ ಸುತ್ತಿಗೇ ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತದೆ.

ನಟ್ಟಿನ ಆಯ್ಕೆಯಲ್ಲಿ ನಾನು ಹಟವಾದಿ. ತಾಮ್ರದ ಲೇಪವಿರುವ ಉಕ್ಕಿನ ಲಾಕ್ ನಟ್ ಮೊದಲ ಆಯ್ಕೆ; ಅದರ ಒಂದು ತುದಿಯನ್ನು ಸ್ವಲ್ಪ ಅದುಮಿರುವುದರಿಂದ ನಡುಗಿದರೂ ಬಿಚ್ಚಿಕೊಳ್ಳದು, ತಾಮ್ರವಿರುವುದರಿಂದ ಕಚ್ಚಿಕೊಳ್ಳದು. ಹಿತ್ತಾಳೆ ನಟ್ ಮೆತ್ತಗಿದ್ದು, ಬಿಚ್ಚುವಾಗ ತನ್ನ ಥ್ರೆಡ್ಡನ್ನೇ ಕಳೆದುಕೊಂಡು ಸ್ಟಡ್ಡನ್ನು ಉಳಿಸುತ್ತದೆ. ಕೆಡುವ ಸರದಿಯಲ್ಲಿ ಅದಕ್ಕೇ ಮೊದಲ ಸ್ಥಾನ ಸಲ್ಲುತ್ತದೆ. ಆದರೆ ಭಾರ ಹೊರುವ ಟರ್ಬೊ ಸ್ಟಡ್ಡಿಗೆ ಅದು ಬೇಡ. ನೈಲಾನ್ ಉಂಗುರವಿರುವ ನಟ್ 120 ಡಿಗ್ರಿಯ ಆಚೆಗೆ ಬಾಳುವುದಿಲ್ಲವಾದ್ದರಿಂದ ಇಲ್ಲಿಗೆ ಸಲ್ಲದು. ಹಾಗೆಯೇ ಸಾಮಾನ್ಯ ಥ್ರೆಡ್ ಲಾಕ್ ದ್ರವವೂ.

ಹೆಡ್ಡಿನ ಥ್ರೆಡ್ ಈಗಾಗಲೇ ಹೋಗಿದ್ದರೆ ಇನ್ನೊಂದು ಹೋಲಿಕೆ ಎದುರಾಗುತ್ತದೆ: ತೂತನ್ನು ಎಂ10ಕ್ಕೆ ಹಿರಿದು ಮಾಡಿ, ಒಳಗೆ ಎಂ10 ಹೊರಗೆ ಎಂ8 ಇರುವ ಸ್ಟೆಪ್ ಸ್ಟಡ್ ಹಾಕುವುದೋ, ಸ್ಪ್ರಿಂಗಿನಂಥ ಹೆಲಿಕಾಯಿಲ್ ಸುರುಳಿ ಕೂರಿಸಿ ಹಳೆಯ ಅಳತೆಯನ್ನೇ ಉಳಿಸಿಕೊಳ್ಳುವುದೋ? ಸ್ಟೆಪ್ ಸ್ಟಡ್ ಬೇಗ ಮುಗಿಯುವ ಕೆಲಸ, ಆದರೆ ಮುಂದೊಮ್ಮೆ ಅದೂ ಕಿತ್ತುಬಂದರೆ ಇನ್ನಷ್ಟು ಹಿರಿದು ಮಾಡಲು ನೀರಿನ ಕಾಲುವೆಯ ಗೋಡೆ ಜಾಗ ಬಿಡದೇ ಇರಬಹುದು. ಹೆಲಿಕಾಯಿಲಿಗೆ ಎಂ8 ಅಳತೆಯಲ್ಲಿ ಸುಮಾರು 8.3 ಮಿ.ಮೀ. ತೂತು ಸಾಕು, ಸುರುಳಿ ಸ್ಟೇನ್‌ಲೆಸ್ಸಿನದಾದ್ದರಿಂದ ಮುಂದೆ ಸ್ಟಡ್ ಬಿಚ್ಚಿ ಹಾಕಿದರೂ ಅಲ್ಯೂಮಿನಿಯಂ ಸವೆಯುವುದಿಲ್ಲ. ನಾನು ಹೆಲಿಕಾಯಿಲ್ ಕಡೆಗೇ ವಾಲುತ್ತೇನೆ. ಡ್ರಿಲ್ ಮಾತ್ರ ಕೈಯಲ್ಲಿ ಹಿಡಿಯದೆ ಮೆಷಿನ್ನಿನಲ್ಲಿ ನೆಟ್ಟಗೆ ಇಳಿಯಬೇಕು. ಮುರಿದು ಒಳಗುಳಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸುವ ವಿಧಾನವನ್ನೇ ಮೊದಲು ಪ್ರಯತ್ನಿಸಬೇಕು, ಏಕೆಂದರೆ ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಹಿಡಿಯುವುದಿಲ್ಲ, ಬಿಸಿಯಿಂದ ಹಿಡಿತವೂ ಸಡಿಲಾಗುತ್ತದೆ. ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಈಜಿ ಔಟ್ ಎಂಬ ಗಡುಸು ಉಪಕರಣ ಒಳಗೆ ಮುರಿದರೆ ಆ ತೂತಿನ ಕಷ್ಟ ಇಮ್ಮಡಿಯಾಗುತ್ತದೆ.

ಕೂರಿಸುವಾಗ ತೂತಿನ ತಳದಲ್ಲಿ ಎಣ್ಣೆ ನಿಲ್ಲಬಾರದು. ಸ್ಟಡ್ ಇಳಿದಾಗ ಸಿಕ್ಕಿಬಿದ್ದ ಎಣ್ಣೆಯೇ ಒತ್ತಡ ಹಾಕಿ ತಳವನ್ನು ಸೀಳುವುದುಂಟು. ಗಾಳಿ ಹೊಡೆದು ಒಣಗಿಸಿ, ನಿಕ್ಕಲ್ ಬೆರೆತ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಸವರಿ, ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ, ಎರಡು ನಟ್ ಜೋಡಿಸಿ ಹಗುರವಾಗಿ ಒಂದು ಬಿಗಿ ಕೊಟ್ಟರೆ ಸಾಕು. ತೂತು ನೀರಿನ ಕಾಲುವೆಗೆ ತೆರೆದಿದ್ದರೆ ಆ್ಯಂಟಿ ಸೀಜ್ ಬದಲು ಥ್ರೆಡ್ ಸೀಲರ್ ಹಚ್ಚಬೇಕು. ಹೊರಗಿನ ನಟ್ಟಿಗೂ ಆ್ಯಂಟಿ ಸೀಜ್ ಹಚ್ಚಿದರೆ ಜಾರುವಿಕೆ ಹೆಚ್ಚಿ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಎಳೆತ ಹೆಚ್ಚಾಗುತ್ತದೆ. ಆದ್ದರಿಂದ ಮ್ಯಾನುಯಲ್ ಒಣ ಥ್ರೆಡ್ಡಿನ ಟಾರ್ಕ್ ಹೇಳಿದ್ದಲ್ಲಿ ನಾನು ಅದರಲ್ಲಿ ಐದನೇ ಒಂದು ಭಾಗ ಕಡಿಮೆ ಮಾಡುತ್ತೇನೆ. ಬಿಗಿಯುವುದು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ.

ನನ್ನ ವ್ಯಾನಿಗೆ ಕೊನೆಗೆ ಹೋದದ್ದು ಮೂರು ಹೆಲಿಕಾಯಿಲ್, ಎಲ್ಲ ಜಾಗಕ್ಕೂ 16 ಮಿ.ಮೀ. ಒಳತುದಿಯ 8.8 ಕಪ್ಪು ಸ್ಟಡ್, ತಾಮ್ರದ ಲೇಪದ ನಟ್. ಚಿತ್ರದುರ್ಗಕ್ಕೊಮ್ಮೆ ಹೋಗಿಬಂದು, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಟಾರ್ಕ್ ಪಾನಾ ಇಟ್ಟು ನೋಡಿದೆ: ನಡುವಿನ ನಟ್‌ಗಳು ಅಲುಗಲಿಲ್ಲ, ತುದಿಯ ಎರಡು ಮಾತ್ರ ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು ತಿರುಗಿ ನಿಂತವು.